ಬಣ್ಣ ನೋಡಿ ಹೇಳಿದ್ದು

ತಳಕಲ್ಲಿನ ನಮ್ಮ ಮನೆಯ ಕಾಳಿನ ಕೋಣೆಯಲ್ಲಿ ಬೆಕ್ಕು ಮೂರು ಮರಿ ಹಾಕಿತ್ತು. ಒಂದು ಕಪ್ಪು, ಒಂದು ಕೆಂಚ, ಇನ್ನೊಂದು ತಾಯಿಯ ಹಾಗೆಯೇ ಕಪ್ಪು, ಕೆಂಪು, ಬಿಳಿ ಕಲೆತದ್ದು. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದು ಎರಡು ತಿಂಗಳಾಗಿತ್ತು. ಕೆಲಸ ಇನ್ನೂ ಸಿಕ್ಕಿರಲಿಲ್ಲ.

ನಮ್ಮ ಓಣಿಯಲ್ಲಿ ಬೆಕ್ಕಿನ ಮರಿಯನ್ನು ಬರಿಗೈಯಲ್ಲಿ ಬಂದು ಒಯ್ಯುವುದಿಲ್ಲ, ಒಂದು ತೆಂಗಿನಕಾಯಿ ಕೊಟ್ಟು ಒಯ್ಯುತ್ತಾರೆ. ಕಾಯಿ ತರುವುದು ಗಂಡು ಮರಿಗೆ ಮಾತ್ರ. ಹೆಣ್ಣು ಮತ್ತೆ ಮತ್ತೆ ಮರಿ ಹಾಕುತ್ತದೆ ಎಂದು ಅದನ್ನು ಯಾರೂ ಕೇಳುವುದಿಲ್ಲ. ಮರಿಗಳು ಹಾಲು ಬಿಟ್ಟ ಮೇಲೆ ದೊಡ್ಡಪ್ಪ ಹೆಣ್ಣುಗಳನ್ನು ಗೋಣಿಚೀಲಕ್ಕೆ ಹಾಕಿಕೊಂಡು, ಗಾಡಿಯ ಮೇಲೆ ಕುಕನೂರಿಗೆ ಒಯ್ದು, ಮಟನ್ ಅಂಗಡಿಗಳ ಹಿಂದೆ ಬಿಟ್ಟು ಬರುತ್ತಿದ್ದರು. ‘ಅಲ್ಲಿ ತಿನ್ನಾಕ ಸಿಗತೈತಿ, ಬದುಕತಾವ’ ಎನ್ನುತ್ತಿದ್ದರು. ಆ ಜಾಗವನ್ನು ನಾನು ಒಮ್ಮೆ ನೋಡಿದ್ದೆ. ಅಲ್ಲಿ ಇದ್ದದ್ದು ನಾಯಿಗಳು.

ಹಿಂದೆಲ್ಲ ಬಾಲ ಎತ್ತಿ ನೋಡಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೇಳುತ್ತಿದ್ದವಳು ಅಜ್ಜಿ. ಈಗ ಅವಳಿಗೆ ಕಣ್ಣು ಕಾಣುವುದಿಲ್ಲ. ಹಾಗಾಗಿ ಈ ಸಲ ಮರಿಗಳು ಹಾಲು ಬಿಟ್ಟ ಮೇಲೆ ದೊಡ್ಡಪ್ಪ ನನ್ನನ್ನು ಕರೆದರು.

“ಪ್ರಾಣಿ ಬಗ್ಗೆ ಓದೀಯಲ್ಲವಾ, ನೋಡಿ ಹೇಳು.”

ದೊಡ್ಡಪ್ಪನ ಎದುರಿಗೆ ಮರಿಗಳ ಬಾಲ ಎತ್ತಿ ನೋಡುವುದಕ್ಕೆ ನನಗೆ ಸಂಕೋಚವಾಯಿತು. ದೂರದಲ್ಲಿ ನಿಂತೇ ಹೇಳಿದೆ: “ನೋಡೂದು ಬ್ಯಾಡ್ರಿ. ಬಣ್ಣದ ಮ್ಯಾಲ ತಿಳೀತೈತಿ. ಮೂರು ಬಣ್ಣದ್ದು ಹೆಣ್ಣು, ಉಳಿದೆರಡು ಗಂಡು.”

“ಅದ್ಹೆಂಗ?”

ಬೆಕ್ಕಿನಲ್ಲಿ ಕೆಂಚು ಅಥವಾ ಕಪ್ಪು ಬಣ್ಣವನ್ನು ತೀರ್ಮಾನಿಸುವ ವಂಶವಾಹಿ ಎಕ್ಸ್ ಕ್ರೋಮೋಸೋಮಿನ ಮೇಲೆ ಇರುತ್ತದೆ. ಗಂಡಿಗೆ ಇರುವುದು ಒಂದೇ ಎಕ್ಸ್, ಆದ್ದರಿಂದ ಅದು ಕೆಂಚ ಆಗಬೇಕು, ಇಲ್ಲವೇ ಕಪ್ಪಾಗಬೇಕು. ಹೆಣ್ಣಿಗೆ ಎರಡಿರುವುದರಿಂದ ಅದರ ಮೈಮೇಲೆ ಎರಡು ಬಣ್ಣವೂ ತೇಪೆ ತೇಪೆಯಾಗಿ ಬರಬಹುದು. ಬಿಳಿಯದು ಬೇರೆ ವಂಶವಾಹಿಯ ಕೆಲಸ. ಇದನ್ನೆಲ್ಲ ಸರಳ ಮಾಡಿ ಹೇಳಿದೆ. ಎಲ್ಲೋ ಅಪರೂಪಕ್ಕೆ ಮೂರು ಬಣ್ಣದ ಗಂಡೂ ಹುಟ್ಟುತ್ತದೆ ಎಂದೂ ಸೇರಿಸಿದೆ.

ಅಜ್ಜಿ ಗೋಡೆಗೆ ಒರಗಿ ಕೂತಲ್ಲಿಂದಲೇ ನಕ್ಕಳು. “ಬಾಲ ಎತ್ತಿದ್ರ ಮುಗೀತಿತ್ತು. ಇಷ್ಟಕ್ಕ ಐದು ವರ್ಷ ಧಾರವಾಡದಾಗ ಇದ್ದಿಯೇನವಾ?”

ಮರುದಿನ ಬೆಳಿಗ್ಗೆ ಮೂರು ಬಣ್ಣದ ಮರಿ ಚೀಲದಲ್ಲಿ ಹೋಯಿತು. ಪರೀಕ್ಷೆಯಲ್ಲಿ ಉತ್ತರ ಬರೆದಂತೆ ಹೇಳಿಬಿಟ್ಟಿದ್ದೆ. ಹೇಳಿದ್ದು ಸರಿಯಾಗಿಯೇ ಇತ್ತು. ಗಾಡಿಯ ಸದ್ದು ಊರು ದಾಟುವವರೆಗೂ ನಾನು ಪಡಸಾಲೆಯಲ್ಲಿ ನಿಂತಿದ್ದೆ. ಕಪ್ಪು ಮರಿಯನ್ನು ಗೊಬ್ಬರದ ಅಂಗಡಿಯವರು ಕಾಯಿ ಕೊಟ್ಟು ಒಯ್ದರು. ಕೆಂಚ ಮನೆಯಲ್ಲೇ ಉಳಿಯಿತು.

ಎರಡು ವಾರದ ನಂತರ ಕೆಂಚ ನನ್ನ ತೊಡೆಯ ಮೇಲೆ ಅಂಗಾತ ಮಲಗಿತ್ತು. ಹಿಂಗಾಲಿಗೆ ಅಂಟಿದ ಮುಳ್ಳುಕಾಯಿ ಬಿಡಿಸುತ್ತಿದ್ದ ನನ್ನ ಕೈ ನಿಂತಿತು. ಅದು ಹೆಣ್ಣಾಗಿತ್ತು. ಮತ್ತೆ ನೋಡಿದೆ, ತಾಯಿಯೊಂದಿಗೆ ಹೋಲಿಸಿ ನೋಡಿದೆ. ಸಂಶಯಕ್ಕೆ ಜಾಗವೇ ಇರಲಿಲ್ಲ.

ನಾನು ಮರಿಗಳ ತಂದೆಯನ್ನು ಮರೆತಿದ್ದೆ. ಹಿಂದಿನ ಮನೆಯ ತಗಡಿನ ಮೇಲೆ ದಿನಾ ಒಂದು ದಪ್ಪ ಕೆಂಚ ಬೆಕ್ಕು ಮಲಗಿರುತ್ತಿತ್ತು. ತಂದೆ ಅದೇ ಆಗಿದ್ದರೆ, ಅದರಿಂದ ಒಂದು ಕೆಂಚು ಎಕ್ಸ್, ಮೂರು ಬಣ್ಣದ ತಾಯಿಯಿಂದ ಇನ್ನೊಂದು ಕೆಂಚು ಎಕ್ಸ್ ಬಂದು, ಹೆಣ್ಣು ಮರಿಯೂ ಪೂರ್ತಿ ಕೆಂಚ ಆಗಬಹುದು. ಇದು ಮೊದಲ ವರ್ಷದ ಪಾಠ. ಎಷ್ಟೋ ಸಲ ಬರೆದಿದ್ದೇನೆ.

ಅಂದಿನಿಂದ ನನಗೆ ಮನೆಯಲ್ಲಿ ನೆಮ್ಮದಿ ಇಲ್ಲವಾಯಿತು. ದೊಡ್ಡಪ್ಪ ಊಟಕ್ಕೆ ಕೂತಾಗ ಮರಿ ಬಾಲ ನಿಮಿರಿಸಿಕೊಂಡು ಅವರ ತಟ್ಟೆಯ ಸುತ್ತ ತಿರುಗುತ್ತಿತ್ತು. ನಾನು ನೆಪ ಮಾಡಿ ಎತ್ತಿಕೊಂಡು ಹೋಗುತ್ತಿದ್ದೆ. ಯಾರಾದರೂ ಅದನ್ನು ‘ಅಂವಾ’ ಎಂದರೆ ನಾನೂ ‘ಅಂವಾ’ ಎನ್ನುತ್ತಿದ್ದೆ. ಚೀಲ ಕಾಳಿನ ಕೋಣೆಯ ಗೂಟಕ್ಕೆ ನೇತುಹಾಕಿದ್ದು ಹಾಗೇ ಇತ್ತು. ಒಳಗೆ ಹೋದಾಗಲೆಲ್ಲ ಅದು ಗೂಟದಲ್ಲೇ ಇದೆಯೇ ಎಂದು ಮೊದಲು ನೋಡುತ್ತಿದ್ದೆ. ಮೂರು ತಿಂಗಳು ಹೀಗೇ ಕಳೆಯಿತು. ಮರಿ ಬೆಳೆಯುತ್ತಿತ್ತು. ಇನ್ನು ಸ್ವಲ್ಪ ದಿನಕ್ಕೆ ಅದರ ಹೊಟ್ಟೆಯೇ ಎಲ್ಲವನ್ನೂ ಹೇಳುತ್ತಿತ್ತು.

ಒಂದು ಮಧ್ಯಾಹ್ನ ಹಿಂದಿನ ಮನೆಯ ಚಿಗವ್ವ ಕಾಯಿ ಹಿಡಿದುಕೊಂಡು ಬಂದಳು. ಅವರ ಶೇಂಗಾ ಚೀಲಗಳನ್ನು ಇಲಿ ಕಡಿದಿದ್ದವು.

“ಮಾವಾ, ನಿಮ್ಮ ಕೆಂಚನ್ನ ನಮಗ ಕೊಡ್ರಿ.”

“ಒಯ್ಯವಾ,” ಎಂದರು ದೊಡ್ಡಪ್ಪ.

ಚಿಗವ್ವ ಮರಿಯನ್ನು ಕುತ್ತಿಗೆ ಹಿಡಿದು ಎತ್ತಿ, ಬೆರಳಿನಿಂದ ಬಾಲ ಸರಿಸಿದಳು. ನಂತರ ಕಾಯಿಯನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಂಡಳು.

“ಮಾವಾ, ಈ ಗಂಡಿಗೆ ನೀವು ಬಾಣಂತನಾ ಮಾಡೂದು ಬರತೈತಿ ನೋಡ್ರಿ.”

“ಏನಂದಿ?”

“ಹೆಣ್ಣೈತ್ರಿ ಇದು.”

“ಗಂಡಂತ ನಮ್ಮ ಎಂ.ಎಸ್ಸಿ. ಹೇಳ್ಯಾಳಲ್ಲ,” ಎಂದು ದೊಡ್ಡಪ್ಪ ನನ್ನ ಕಡೆ ತಿರುಗಿದರು. ಅವರು ನಗುತ್ತಿರಲಿಲ್ಲ. “ಹಂಗಾರ ಆವತ್ತು ಬಿಟ್ಟು ಬಂದದ್ದು?”

“ಅದು ಹೆಣ್ಣೇ ರೀ. ಅದು ಖರೇ.”

ಅವರು ಎದ್ದು ಕಾಳಿನ ಕೋಣೆಗೆ ಹೋದರು. ಚೀಲ ಹಿಡಿದುಕೊಂಡು ಬಂದಾಗ ನಾನು ಮರಿಯನ್ನು ಚಿಗವ್ವನ ಕೈಯಿಂದ ತೆಗೆದುಕೊಂಡಿದ್ದೆ. ಅವರ ಎದುರು ನಾನು ಮಾತಾಡುವುದು ಕಡಿಮೆ. ಆದರೂ ಹೇಳಿದೆ.

“ಮರಿ ಆಗದಂಗ ಆಪರೇಶನ್ ಮಾಡಸ್ತೇನ್ರಿ, ದೊಡ್ಡಪ್ಪ.”

“ಬೆಕ್ಕಿಗೆ ಆಪರೇಶನ್ನಾ,” ಎಂದಳು ಚಿಗವ್ವ. “ಚಾಪಿ ಹಾಸಿ ಹೇಳಿ ಕಳಸು, ಹಣ್ಣು ಹಿಡಕೊಂಡು ನೋಡಾಕ ಬರತೇನಿ.”

ದೊಡ್ಡಪ್ಪ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡರು. “ಸಂತಿ ದಿನಾ ನಾ ಹೆಂಗೂ ಕುಕನೂರಿಗೆ ಹೋಗಾಂವ. ಅಷ್ಟರಾಗ ಏನ ಮಾಡ್ತಿ ಮಾಡು.”

ಸಂತೆಗೆ ನಾಲ್ಕು ದಿನವಿತ್ತು. ಬೆಕ್ಕಿಗೆ ಆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಕೊಪ್ಪಳದಲ್ಲಿ ಒಬ್ಬರಿದ್ದಾರೆಂದು ಫೋನಿನಲ್ಲಿ ವಿಚಾರಿಸಿ ತಿಳಿದುಕೊಂಡೆ. ಸಂತೆಯ ಹಿಂದಿನ ದಿನ, ಮುಚ್ಚಳವಿದ್ದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮರಿಯನ್ನಿಟ್ಟುಕೊಂಡು ಬಸ್ ಹತ್ತಿದೆ. ವೈದ್ಯರು ಅದನ್ನು ತೂಗಿ ನೋಡಿದರು.

“ತೂಕ ಕಡಿಮಿ ಐತ್ರಿ. ಅರವಳಿಕೆ ತಡಕೊಂಡ್ರ ಛಲೋ. ಒಂದು ತಿಂಗಳು ಬಿಟ್ಟು ತರತೀರೇನು?”

“ಆಗೂದಿಲ್ರಿ.”

ಯಾಕೆ ಎಂದು ಅವರು ಕೇಳಲಿಲ್ಲ. ಕಾಗದ ಮುಂದಿಟ್ಟರು, ಸಹಿ ಮಾಡಿದೆ. ಹೊರಗೆ ಬೆಂಚಿನ ಮೇಲೆ ಕೂತು, ಸತ್ತರೆ ಅದು ಕೂಡ ನಾನು ಮಾಡಿದ್ದೇ ಎಂದು ಲೆಕ್ಕ ಹಾಕುತ್ತಿದ್ದೆ. ಒಂದು ಮರಿಯ ಬಗ್ಗೆ ಸರಿಯಾಗಿ ಹೇಳಿ ಕಳೆದಿದ್ದೆ, ಇನ್ನೊಂದರ ಬಗ್ಗೆ ತಪ್ಪಾಗಿ ಹೇಳಿ ಕಳೆಯಲಿದ್ದೆ.

ಅದನ್ನು ಹೊರಗೆ ತಂದುಕೊಟ್ಟಾಗ ಕಣ್ಣು ಅರ್ಧ ತೆರೆದಿತ್ತು, ನಾಲಿಗೆಯ ತುದಿ ಹೊರಗೆ ಬಂದಿತ್ತು. ಸಂಜೆಯೊಳಗೆ ಎದ್ದು ನಿಲ್ಲಬೇಕು ಎಂದರು. ಬಸ್ಸಿನಲ್ಲಿ ಬುಟ್ಟಿಯ ಮುಚ್ಚಳದ ಕೆಳಗೆ ಕೈ ಇಟ್ಟುಕೊಂಡೇ ಬಂದೆ. ಅಂಗೈಗೆ ಉಸಿರು ತಾಗುತ್ತಿತ್ತು, ಬಸ್ ಕುಲುಕಿದಾಗ ತಾಗಿತೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಕಾಳಿನ ಕೋಣೆಯ ನೆಲಕ್ಕೆ ಹಳೆಯ ಸೀರೆ ಹಾಸಿ ಮಲಗಿಸಿದೆ. ಹೊತ್ತು ಇಳಿಯಿತು. ಮರಿ ಏಳಲಿಲ್ಲ. ಬಾಗಿಲಲ್ಲಿ ನೆರಳು ಬಿತ್ತು. ದೊಡ್ಡಪ್ಪ ನಿಂತಿದ್ದರು.

“ಏಳತೈತೇನು?”

“ಗೊತ್ತಿಲ್ರಿ,” ಎಂದೆ.

ಅವರು ಹೋಗುತ್ತಾರೆಂದುಕೊಂಡೆ. ಹೊಸ್ತಿಲ ಮೇಲೆ ಕೂತರು. ಮರಿಯ ಹಿಂಗಾಲು ಒಮ್ಮೆ ಅಲುಗಿ ಸುಮ್ಮನಾಯಿತು. ಇಬ್ಬರೂ ಆ ಕಾಲನ್ನೇ ನೋಡುತ್ತಿದ್ದೆವು.