ಊರಿನ ಅಳಿಯ ಮ್ಯಾನೇಜರ್ ಆದದ್ದು

ನನ್ನ ಗಂಟಲಿನ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಸರ್ಕಾರಿ ಮೃಗಾಸ್ಪತ್ರೆಯಲ್ಲಿ ಲೈವ್‌ಸ್ಟಾಕ್ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತನಾದವನು. ಹಟಮಾರಿ ಹೋರಿಗೂ ಅದರ ಯಜಮಾನನಿಗೂ ಒಟ್ಟಿಗೆ ಕೇಳಿಸುವ ಹಾಗೆ ಮಾತಾಡಿ ಮಾತಾಡಿ ನನ್ನ ಗಂಟಲು ಹದಕ್ಕೆ ಬಂದಿದೆ. ನಿವೃತ್ತರಾದ ಮೇಲೆ ಹೊತ್ತು ಹೋಗುವುದು ಹೇಗೆ ಎಂದು ಕೆಲವರು ಚಿಂತೆ ಮಾಡುತ್ತಾರೆ. ನನಗೆ ಗಂಟಲಿನದ್ದೇ ಚಿಂತೆಯಾಗಬೇಕಿತ್ತು, ಆಗಲಿಲ್ಲ. ಯಾಕೆಂದರೆ ಕರ್ನಾಟಕದ ಗಡಿಯ ಈಚೆ, ಪೆರ್ಲದಿಂದ ಸ್ವಲ್ಪ ಒಳಗಿರುವ ನಮ್ಮ ಊರಿನಲ್ಲಿ ಸೆವೆನ್ಸ್ ಫುಟ್‌ಬಾಲ್ ಉಂಟು.

ಟಿವಿಯಲ್ಲಿ ಆಡುವ ಫುಟ್‌ಬಾಲಿಗೂ ಸೆವೆನ್ಸಿಗೂ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಸಂಬಂಧ. ಬದಿಗೆ ಏಳೇ ಜನ, ಕೊಯ್ಲು ಮುಗಿದ ಗದ್ದೆಯೇ ಮೈದಾನ, ಅಡಿಕೆ ಮರದ ಸಲಾಕೆ ಕಟ್ಟಿದ್ದೇ ಗ್ಯಾಲರಿ. ಮೈಕಿನಲ್ಲಿ ಒಬ್ಬ ಮಲಯಾಳದಲ್ಲಿ ಶುರು ಮಾಡಿ ತುಳುವಿನಲ್ಲಿ ಏರಿಸಿ ಕನ್ನಡದಲ್ಲಿ ಇಳಿಸುತ್ತಾನೆ. ಗ್ಯಾಲರಿಯಲ್ಲಿ ಕೂತವರಿಗೆ ಕೆಲಸ ಒಂದೇ, ಬೈಯುವುದು. ಅದಕ್ಕೂ ನಮ್ಮಲ್ಲಿ ಒಂದು ವ್ಯಾಕರಣ ಉಂಟು. ರೆಫ್ರಿಗೆ ಮಲಯಾಳದಲ್ಲಿ ಬೈಯಬೇಕು, ಅವನು ಸಾಮಾನ್ಯವಾಗಿ ತೆಂಕಿನಿಂದ ಬಂದಿರುತ್ತಾನೆ, ಅರ್ಥವಾಗಲಿ ಎಂದು. ನಮ್ಮ ಆಟಗಾರರಿಗೆ ತುಳುವಿನಲ್ಲಿ, ಅದು ಎಲುಬಿಗೆ ತಾಗುತ್ತದೆ. ಕನ್ನಡದಲ್ಲಿ ಬೈದರೆ ಮಾತ್ರ ಪ್ರಯೋಜನವಿಲ್ಲ. ನಾವೆಲ್ಲ ಕನ್ನಡವನ್ನು ಶಾಲೆಯಲ್ಲಿ ಕಲಿತವರಾದ್ದರಿಂದ ಬೈದರೂ ಮಾಸ್ಟ್ರು ಉಪದೇಶ ಕೊಟ್ಟ ಹಾಗೆ ಕೇಳಿಸುತ್ತದೆ, ಆಟಗಾರರು ತಲೆ ತಗ್ಗಿಸಿ ನಿಂತುಬಿಡುತ್ತಾರೆ.

ಈ ಬೈಗುಳಗಳಲ್ಲಿ ಸಿಂಹಪಾಲು ಸಲ್ಲುವುದು ಮ್ಯಾನೇಜರಿಗೆ. ತಂಡ ಕಟ್ಟುವವನು ಅವನು, ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವವನು ಅವನು. ಗೆದ್ದರೆ ಆಟಗಾರರನ್ನು ಹೆಗಲ ಮೇಲೆ ಹೊರುತ್ತೇವೆ, ಸೋತರೆ ಮ್ಯಾನೇಜರನ್ನು ನೆನೆಸಿಕೊಳ್ಳುತ್ತೇವೆ. ನಮ್ಮ ಹಳೆಯ ಮ್ಯಾನೇಜರ್ ಸಂಜೀವಣ್ಣ ಇದನ್ನೆಲ್ಲ ಎಷ್ಟೋ ವರ್ಷ ನಗುನಗುತ್ತ ತಿಂದವರು. ನನ್ನ ಗಂಟಲಿನ ಅತ್ಯುತ್ತಮ ಕೃತಿಗಳೆಲ್ಲ ಅವರಿಗೇ ಅರ್ಪಣೆಯಾಗಿವೆ. ಕಳೆದ ಮಳೆಗಾಲದಲ್ಲಿ ಅವರು, "ಇನ್ನು ನನ್ನಿಂದಾಗುವುದಿಲ್ಲ, ನಾನು ಬರೀ ಅಧ್ಯಕ್ಷನಾಗಿರುತ್ತೇನೆ" ಎಂದು ಕೈಮುಗಿದರು. ಹೊಸ ಮ್ಯಾನೇಜರ್ ಯಾರು ಎಂಬ ಪ್ರಶ್ನೆ ಎದ್ದಾಗ ಕಮಿಟಿಯವರ ಕಣ್ಣೆಲ್ಲ ನನ್ನ ಕಡೆ ತಿರುಗಿತು. ನನ್ನನ್ನೇ ಮಾಡುತ್ತಾರೋ ಎಂದು ನಾನು ಶರ್ಟಿನ ಕಾಲರ್ ಸರಿಮಾಡಿಕೊಂಡೆ. ಅವರಿಗೆ ಬೇಕಾದದ್ದು ನನ್ನ ಅಳಿಯ ಸುಧೀರ.

ಸುಧೀರ ಬಾಯಾರಿನವನು. ಅಲ್ಲಿಯ ತಂಡದಲ್ಲಿ ಆಡಿ, ಮೊಣಕಾಲು ಪೆಟ್ಟಾದ ಮೇಲೆ ಅದೇ ತಂಡವನ್ನು ನಡೆಸಿ ಹೆಸರು ಮಾಡಿದವನು. ಈಗ ನಮ್ಮ ಹತ್ತಿರದ ಶಾಲೆಯಲ್ಲಿ ಪಿ.ಟಿ. ಮಾಸ್ಟ್ರು. ನನ್ನ ಮಗಳು ಶ್ವೇತಾಳನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಇಬ್ಬರೂ ಪೆರ್ಲ ಪೇಟೆಯ ಬದಿಯಲ್ಲಿ ಬಾಡಿಗೆ ಮನೆ ಮಾಡಿದ್ದಾರೆ. "ಇನ್ಸ್‌ಪೆಕ್ಟರೇ, ನಿಮ್ಮ ಅಳಿಯನನ್ನು ನಮಗೆ ಕೊಡಿ" ಎಂದು ಸಂಜೀವಣ್ಣ ಕೇಳಿದಾಗ ನನಗೆ ಎದೆಯುಬ್ಬಿತು. ಆ ಉಬ್ಬಿನಲ್ಲಿ ಮುಂದಿನದ್ದೇನೂ ಕಾಣಿಸಲಿಲ್ಲ. ಆಗಲಿ ಎಂದೆ.

ಹೊಸ ಮ್ಯಾನೇಜರ್ ಬಂದಾಗ ಅಭಿಮಾನಿಗಳು ಅವನನ್ನು ಪರೀಕ್ಷಿಸುವ ರೀತಿ ನೋಡಿದರೆ ನಾವು ಹಿಂದೆ ದನದ ಹಲ್ಲು ನೋಡಿ ಪ್ರಾಯ ಹೇಳುತ್ತಿದ್ದದ್ದು ಎಷ್ಟೋ ವೈಜ್ಞಾನಿಕ ಎನಿಸುತ್ತದೆ. ಪರೀಕ್ಷೆಯ ಕೇಂದ್ರ ಅದ್ರಾಮಿಚ್ಚನ ಚಹಾದಂಗಡಿ. ಅದ್ರಾಮಿಚ್ಚ ನನ್ನದೇ ಪ್ರಾಯದವರು, ಗ್ಯಾಲರಿಯಲ್ಲಿ ನನ್ನ ಬಲಕ್ಕೆ ಕೂತುಕೊಳ್ಳುವವರು. ಸುಧೀರ ಮೊದಲ ದಿನ ಅಲ್ಲಿಗೆ ಹೋಗಿ ಸಕ್ಕರೆ ಇಲ್ಲದ ಚಹಾ ಕೇಳಿದನಂತೆ. ಅವನು ಎದ್ದು ಹೋದ ಮೇಲೆ ಅಂಗಡಿಯಲ್ಲಿ ದೊಡ್ಡ ಚರ್ಚೆ. ಸಕ್ಕರೆ ಇಲ್ಲದ ಚಹಾ ಕುಡಿಯುವವನಿಂದ ನುಗ್ಗಿ ಹೊಡೆಯುವ ಆಟ ನಿರೀಕ್ಷಿಸುವ ಹಾಗಿಲ್ಲ, ಇವನು ಡಿಫೆನ್ಸಿನವನೇ ಎಂದು ಒಬ್ಬರು. ಗ್ಲಾಸು ಹಿಂದೆ ಕೊಡುವಾಗ ಎಡಗೈಯಲ್ಲಿ ಕೊಟ್ಟ, ಲೆಫ್ಟ್ ವಿಂಗಿನಲ್ಲಿ ಏನೋ ಬದಲಾವಣೆ ಉಂಟು ಎಂದು ಇನ್ನೊಬ್ಬರು. ಮಾರನೆಯ ದಿನ ಅವನು ಪ್ರಾಕ್ಟೀಸಿಗೆ ಪ್ಯಾಂಟು ಹಾಕಿಕೊಂಡು ಬಂದ. ಸಂಜೀವಣ್ಣ ಮುಂಡು ಎತ್ತಿಕಟ್ಟಿದರೆ ದಾಳಿ, ಇಳಿಬಿಟ್ಟರೆ ರಕ್ಷಣೆ ಎಂದು ನಮಗೆ ದೂರದಿಂದಲೇ ತಿಳಿಯುತ್ತಿತ್ತು. ಪ್ಯಾಂಟಿನವನ ಮನಸ್ಸು ಓದುವುದು ಹೇಗೆ?

ಇಷ್ಟೆಲ್ಲ ಅನುಮಾನವಿದ್ದರೂ ಒಂದು ಮಾತೂ ಅವನ ಕಿವಿಗೆ ಬೀಳಲಿಲ್ಲ. ಯಾಕೆಂದರೆ ಅವನು ಊರಿನ ಅಳಿಯ. ಶ್ವೇತಾ ಬೆಳೆದದ್ದು ಎಲ್ಲರ ಅಂಗಳದಲ್ಲಿ, ಆದ್ದರಿಂದ ಅವಳ ಗಂಡ ಎಲ್ಲರಿಗೂ ಅಳಿಯನೇ. ನಮ್ಮ ಕಡೆ ಹೊಸ ಅಳಿಯನಿಗೆ ಸಲ್ಲುವ ಮರ್ಯಾದೆ ಎಂಥದ್ದು ಎಂದು ನಿಮಗೆ ಗೊತ್ತಿರಬಹುದು. ಅವನು ಬಂದರೆ ಒಳ್ಳೆಯ ಕುರ್ಚಿ ಹೊರಗೆ ಬರಬೇಕು, ಕೋಳಿ ಒಳಗೆ ಹೋಗಬೇಕು. ಅವನೆದುರು ಸ್ವರ ಏರಿಸುವ ಹಾಗಿಲ್ಲ. ನವಗ್ರಹಗಳ ಸಾಲಿಗೆ ಅಳಿಯ ಹತ್ತನೆಯವನು ಎಂದು ಸಂಸ್ಕೃತ ಬಲ್ಲವರು ಹೇಳುತ್ತಾರೆ. ಉಳಿದ ಒಂಬತ್ತಕ್ಕೆ ಶಾಂತಿ ಮಾಡಿಸಿದರೆ ಮುಗಿಯಿತು, ಹತ್ತನೆಯದ್ದಕ್ಕೆ ಪ್ರತಿ ಸಲವೂ ಕೋರಿ ರೊಟ್ಟಿ ಆಗಬೇಕು. ನಾನು ಅವನನ್ನು "ನೀವು" ಎಂದೇ ಕರೆಯುತ್ತಿದ್ದೆ. ಅವನು ನನ್ನೆದುರು ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದ. ಮಳೆ, ಅಡಿಕೆ ರೇಟು, ಪುತ್ತೂರು ಬಸ್ಸಿನ ಟೈಮು ಮುಗಿದರೆ ನಮ್ಮ ಮಾತೂ ಮುಗಿಯುತ್ತಿತ್ತು.

ಈ ಮರ್ಯಾದೆಯೇ ಗದ್ದೆಗೂ ಇಳಿಯಿತು. ಗೆರೆಯ ಬದಿಯಲ್ಲಿ ಅವನಿಗಾಗಿ ಅದ್ರಾಮಿಚ್ಚನ ಮನೆಯಿಂದ ಕೈ ಇರುವ ಕುರ್ಚಿ ಬಂತು. ಅರ್ಧ ಹೊತ್ತಿನ ವಿರಾಮದಲ್ಲಿ ಆಟಗಾರರಿಗೆ ನಿಂಬೆ ನೀರು, ಅವನಿಗೆ ಆಗಷ್ಟೇ ಕೆತ್ತಿದ ಎಳನೀರಿನ ಬೊಂಡ. ಮೊದಲ ಪಂದ್ಯದಲ್ಲಿ ಅವನು ಡಿಫೆನ್ಸಿನಲ್ಲಿ ಆಡುವ ಗಣೇಶನನ್ನು ಮುಂದೆ ನಿಲ್ಲಿಸಿದ. ಗಣೇಶ ನಮ್ಮ ಗೋಡೆ. ಗೋಡೆಯನ್ನು ಯಾರಾದರೂ ಅಂಗಳಕ್ಕೆ ತಂದು ನಿಲ್ಲಿಸುತ್ತಾರೆಯೇ? ಗಣೇಶ ಮುಂದೆ ನಿಂತು ಖಾಲಿ ಗೋಲಿನ ಮೇಲಿಂದ ಚೆಂಡನ್ನು ಗದ್ದೆಯಾಚೆ ಹರಿಯುವ ತೋಡಿಗೆ ಕಳುಹಿಸಿದ, ಹಿಂದೆ ಖಾಲಿಯಾದ ಜಾಗದಲ್ಲಿ ಎದುರಿನವರು ಮೂರು ಗೋಲು ಹೊಡೆದರು. ಸಂಜೀವಣ್ಣನ ಕಾಲವಾಗಿದ್ದರೆ ನನ್ನ ಸ್ವರ ಗಡಿ ದಾಟಿ ಕರ್ನಾಟಕಕ್ಕೆ ಕೇಳಿಸುತ್ತಿತ್ತು. ಈಗ ನಾನು ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ತುರುಕಿಕೊಂಡೆ. ಪಕ್ಕದಲ್ಲಿ ಅದ್ರಾಮಿಚ್ಚ, "ಪರವಾಗಿಲ್ಲ, ಗಾಳಿ ಜಾಸ್ತಿ ಇತ್ತು" ಎಂದರು. ಎಲೆ ಅಲ್ಲಾಡುತ್ತಿರಲಿಲ್ಲ. ಪಂದ್ಯ ಮುಗಿದು ಸುಧೀರ ನಮ್ಮೆದುರು ಹಾದುಹೋದಾಗ ಸೋತ ಗ್ಯಾಲರಿ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಎರಡನೆಯ ಪಂದ್ಯದಲ್ಲೂ ಗಣೇಶ ಮುಂದೆ, ಸೋಲು, ಬೊಂಡ, ಚಪ್ಪಾಳೆ. ನನಗೆ ಊಟ ಸೇರುತ್ತಿರಲಿಲ್ಲ. ನುಂಗಿದ ಬೈಗುಳ ಜೀರ್ಣವಾಗುವುದಿಲ್ಲ ಎಂದು ನನಗೆ ಆ ವಾರ ತಿಳಿಯಿತು. ಸಂಜೀವಣ್ಣನಂತೂ ಮನೆಗೇ ಬಂದು ಹೊಟ್ಟೆಕಿಚ್ಚು ತೋಡಿಕೊಂಡರು. "ಎಂತ ಪುಣ್ಯ ಮಾರಾಯ್ರೆ ಅವನದ್ದು! ನಾನು ಗೆದ್ದಾಗಲೂ ನೀವು ಹೀಗೆ ಚಪ್ಪಾಳೆ ತಟ್ಟಿದ್ದಿಲ್ಲ."

ಹೀಗಿರುವಾಗ ಶ್ವೇತಾ ಒಬ್ಬಳೇ ಮನೆಗೆ ಬಂದಳು. ಅವಳ ಮುಖ ನೋಡಿಯೇ ನನ್ನ ಹೆಂಡತಿ ಸುಮತಿ ಒಲೆ ಸಣ್ಣ ಮಾಡಿ ಹೊರಗೆ ಬಂದಳು.

"ಅಪ್ಪಾ, ಇವರು ಈ ಆದಿತ್ಯವಾರದ ಮ್ಯಾಚ್ ಮುಗಿದ ಮೇಲೆ ಮ್ಯಾನೇಜರ್ ಕೆಲಸ ಬಿಡ್ತಾರಂತೆ" ಎಂದಳು.

"ಯಾಕೆ? ಯಾರಾದರೂ ಎಂತಾದರೂ ಹೇಳಿದರಾ?"

"ಯಾರೂ ಎಂತದೂ ಹೇಳುವುದಿಲ್ಲ, ಅದೇ ಅವರ ಬೇಜಾರು. ಬಾಯಾರಿನಲ್ಲಿ ಒಂದು ಪಾಸ್ ತಪ್ಪಿದರೆ ಅಜ್ಜಂದಿರೂ ಬೈತಿದ್ದರಂತೆ. ಇಲ್ಲಿ ಮೂರು ಗೋಲು ತಿಂದರೂ ಬೊಂಡ ಕೊಡ್ತಾರೆ, ನಾನು ಇವರಿಗೆ ನೆಂಟ ಮಾತ್ರ, ನೆಂಟ ಎಷ್ಟು ದಿನ ಅಂತ ಕೂತುಕೊಳ್ಳುವುದು ಅಂತ ಕೇಳ್ತಾರೆ. ಅಷ್ಟೇ ಅಲ್ಲ ಅಪ್ಪ, ಬಾಯಾರಿಗೇ ಮನೆ ಮಾಡುವ, ಅಲ್ಲಿಂದಲೇ ಶಾಲೆಗೆ ಬಸ್ಸಲ್ಲಿ ಬರ್ತೇನೆ ಅಂತಲೂ ಹೇಳ್ತಿದ್ದಾರೆ."

ನಾನು ಕುರ್ಚಿಯಲ್ಲಿ ಕೂತೆ. ಅಳಿಯನ ಕುರ್ಚಿ ಎಂದು ಕೂತ ಮೇಲೆ ಗೊತ್ತಾಯಿತು. ಮಗಳು ಹತ್ತಿರದಲ್ಲಿದ್ದಾಳೆ, ಮನಸ್ಸಾದಾಗ ಬಂದು ಹೋಗುತ್ತಾಳೆ ಎಂಬ ಸಂತೋಷ ನನ್ನದು. ಅದಕ್ಕೆ ಕಲ್ಲು ಹಾಕಿದ್ದು ನಮ್ಮದೇ ಮರ್ಯಾದೆ. ನಗುತ್ತ ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ, ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ ಎಂಬ ಗಾದೆಯನ್ನು ಎಷ್ಟು ಸಲ ಹೇಳಿದ್ದೇನೋ, ಅದು ನನ್ನ ಮನೆ ಬಾಗಿಲಿಗೇ ಬರುತ್ತದೆ ಎಂದು ತಿಳಿದಿರಲಿಲ್ಲ.

ಚಹಾದಂಗಡಿಯಲ್ಲಿ ವಿಷಯ ಬಿಚ್ಚಿಟ್ಟೆ. ಅವನಿಗೆ ಒಮ್ಮೆ ಸರಿಯಾಗಿ ಬೈಯಬೇಕು, ಯಾರು ಬೈಯುತ್ತೀರಿ ಎಂದು ಕೇಳಿದೆ. ಬೈಗುಳದಲ್ಲಿ ಪದವಿ ಪಡೆದ ಮಹಾನುಭಾವರೆಲ್ಲ ಗ್ಲಾಸಿನೊಳಗೆ ನೋಡತೊಡಗಿದರು. ಕೊನೆಗೆ ಅದ್ರಾಮಿಚ್ಚ, "ಮಾವ ಶುರು ಮಾಡದೆ ಊರು ಬಾಯಿ ಹಾಕುವ ಕ್ರಮ ಇಲ್ಲ ಇನ್ಸ್‌ಪೆಕ್ಟರೇ. ನೀವು ಒಂದು ಹೇಳಿ, ಹಿಂದೆ ನಾವುಂಟು" ಎಂದರು.

ನಾನು ಹಟ್ಟಿಯ ಹಿಂದೆ ನಿಂತು ಅಭ್ಯಾಸ ಮಾಡಿದೆ. ಎಮ್ಮೆಯನ್ನೇ ಅಳಿಯ ಎಂದು ಭಾವಿಸಿ ಬಾಯಿ ತೆರೆದೆ. ಹೊರಬಂದದ್ದು, "ನಿಮಗೆ ತೊಂದರೆ ಇಲ್ಲದಿದ್ದರೆ ಗಣೇಶನನ್ನು ಸ್ವಲ್ಪ ಹಿಂದೆ ಹಾಕಬಹುದಿತ್ತೋ ಏನೋ." ಎಮ್ಮೆ ಬಾಲವನ್ನೂ ಅಲ್ಲಾಡಿಸಲಿಲ್ಲ. ಸುಮತಿ ಒಳಗಿನಿಂದ, "ಇದಕ್ಕಿಂತ ಚಪ್ಪಾಳೆಯೇ ಒಳ್ಳೆಯದು" ಎಂದಳು.

ಆದಿತ್ಯವಾರ ಸಂಜೆಯ ಪಂದ್ಯ ಬಾಯಾರಿನ ತಂಡದ ಮೇಲೆಯೇ. ಅವರ ಕಡೆಯ ಜನ ಎರಡು ಜೀಪು ತುಂಬ ಬಂದು ಎದುರಿನ ಗ್ಯಾಲರಿ ಹತ್ತಿದರು. ಸುಧೀರ ಗೆರೆಯ ಬದಿಗೆ ಬಂದು ಕೈ ಇರುವ ಕುರ್ಚಿಯಲ್ಲಿ ಕೂತ. ಗಣೇಶ ಎಂದಿನಂತೆ ಮುಂದೆ. ನಾನು ಎರಡು ಸಲ ಎದ್ದೆ, ಎರಡು ಸಲ ಕೆಮ್ಮಿ ಕೂತೆ.

ಅಷ್ಟರಲ್ಲಿ ಎದುರಿನ ಗ್ಯಾಲರಿಯಿಂದ ಶುರುವಾಯಿತು. "ಏ ಸುಧೀರಾ! ಹೆಂಡತಿ ಮನೆಯ ಕೋಳಿ ತಿಂದು ತಲೆಗೆ ನೆಣ ಏರಿತೇನಾ? ಗಣೇಶನನ್ನು ಮುಂದೆ ಹಾಕಲಿಕ್ಕೆ ಯಾವ ಬೋದಾಳ ಹೇಳಿದ್ದು?" ಇನ್ನೊಬ್ಬ ಅದಕ್ಕಿಂತ ಮೇಲಿನದ್ದನ್ನು ಹೇಳಿದ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಸುಧೀರ ಅವರ ಕಡೆ ತಿರುಗಿ ನಗುತ್ತ ಕೈ ಬೀಸಿದ. ನಮ್ಮ ಊರಿಗೆ ಬಂದ ಮೇಲೆ ಅವನು ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನಗೆ ಮೈಯೆಲ್ಲ ಉರಿಯಿತು. ಗಣೇಶ ನಮ್ಮವನು, ಸೋಲು ನಮ್ಮದು, ವಾರಗಟ್ಟಲೆ ಬೈರಾಸು ಕಚ್ಚಿ ಕೂತವರು ನಾವು. ನಮ್ಮ ಮ್ಯಾನೇಜರಿಗೆ ಬೈಯಲಿಕ್ಕೆ ಇವರು ಯಾರು? ನಾನು ಯಾವಾಗ ಎದ್ದು ನಿಂತೆನೋ ನನಗೇ ಗೊತ್ತಿಲ್ಲ. ತುಳುವಿನಲ್ಲಿ, ಹೋರಿಗೂ ಯಜಮಾನನಿಗೂ ಒಟ್ಟಿಗೆ ಕೇಳಿಸುವ ಆ ಹಳೆಯ ಸ್ವರದಲ್ಲಿ ಕೂಗಿದೆ.

"ಏ ಸುಧೀರಾ! ಅವರಿಗೆ ಕೈ ಬೀಸುವುದು ಬಿಟ್ಟು ಇಲ್ಲಿ ನೋಡು! ಕಣ್ಣು ಉಂಟಾ ನಿನಗೆ, ಅಲ್ಲ ಶಾಲೆಯಲ್ಲಿ ಇಟ್ಟು ಬಂದಿದ್ದೀಯಾ? ಗಣೇಶನನ್ನು ಹಿಂದೆ ಹಾಕು ಮಾರಾಯಾ, ಮೂರು ಮ್ಯಾಚಿನಿಂದ ಹೊಟ್ಟೆ ಉರಿಸ್ತಾ ಇದ್ದೀಯಲ್ಲಾ!"

ಮೈಕಿನವನು ಅರ್ಧ ವಾಕ್ಯದಲ್ಲಿ ನಿಲ್ಲಿಸಿದ. ಹೆಂಗಸರ ಸಾಲಿನಲ್ಲಿ ಶ್ವೇತಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಸುಧೀರ ನಿಧಾನವಾಗಿ ಎದ್ದ, ಕುರ್ಚಿಯನ್ನು ಬದಿಗೆ ತಳ್ಳಿದ, ಸೊಂಟದ ಮೇಲೆ ಕೈ ಇಟ್ಟು ನನ್ನನ್ನೇ ನೋಡಿದ.

"ಮಾವಾ! ದನದ ವಿಷಯ ಬಿಟ್ಟು ನಿಮಗೆ ಬೇರೆ ಎಂತ ಗೊತ್ತುಂಟು? ಸುಮ್ಮನೆ ಕೂತುಕೊಳ್ಳಿ ಅಲ್ಲಿ!"

ಗ್ಯಾಲರಿ ಕುಸಿಯುತ್ತದೆಯೋ ಎನ್ನುವ ಹಾಗೆ ನಗು ಎದ್ದಿತು. ಆ ನಗು ಮುಗಿಯುವ ಮೊದಲೇ ಅದ್ರಾಮಿಚ್ಚ ಎದ್ದು, ಗಾಳಿ ಎಂದು ಸುಳ್ಳು ಹೇಳಿದ್ದನ್ನೆಲ್ಲ ಬಡ್ಡಿ ಸಮೇತ ತೀರಿಸಿದರು. ಮತ್ತೆ ಯಾರನ್ನೂ ಹಿಡಿಯುವ ಹಾಗಿರಲಿಲ್ಲ. ಮೂರು ಭಾಷೆಗಳಲ್ಲಿ, ವ್ಯಾಕರಣ ಮರೆತು, ಸಂಜೀವಣ್ಣನೂ ಸೇರಿ ಬೈದರು. ಸುಧೀರ ಗೆರೆಯುದ್ದಕ್ಕೂ ಓಡಾಡುತ್ತ ಒಬ್ಬೊಬ್ಬರಿಗೂ ಉತ್ತರ ಕೊಟ್ಟ. ಆದರೆ ಗಣೇಶನನ್ನು ಹಿಂದೆ ಹಾಕಲಿಲ್ಲ. ಗಣೇಶ ಮತ್ತೊಮ್ಮೆ ಚೆಂಡನ್ನು ತೋಡಿಗೆ ಕಳುಹಿಸಿದ. ನಾವು ಸೋತೆವು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಆ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಊಟ ಮಾಡಿ ಮಲಗಿದ ಮೇಲೆ ಹೆದರಿಕೆ ಶುರುವಾಯಿತು. ಬೈಯುವುದೇನೋ ಬೈದೆ, ಅಳಿಯ ಅದನ್ನು ಹೇಗೆ ತೆಗೆದುಕೊಂಡನೋ? ಬೆಳಗ್ಗೆ ಶ್ವೇತಾಳ ಫೋನು ಬಂತು.

"ಅಪ್ಪಾ, ಇವರಿಗೆ ನಿಮ್ಮ ಮೇಲೆ ಭಾರೀ ಸಿಟ್ಟುಂಟು."

"ಬಾಯಾರಿಗೆ ಹೋಗ್ತಾನಂತಾ?"

"ಇಲ್ಲ. ನಿಮ್ಮ ಮನೆಗೇ ಬರ್ತಾರಂತೆ, ಮಧ್ಯಾಹ್ನ ಶಾಲೆಯ ಊಟದ ಬಿಡುವಿನಲ್ಲಿ. ಗಣೇಶನ ವಿಷಯದಲ್ಲಿ ನಿಮ್ಮ ಹತ್ತಿರ ಜಗಳ ಮಾಡ್ಲಿಕ್ಕುಂಟಂತೆ."

ಸುದ್ದಿ ಕೇಳಿ ಸುಮತಿ ಅಭ್ಯಾಸಬಲದಿಂದ ಕೋಳಿ ಹಿಡಿಯಲು ಹೊರಟಳು. ನಾನು ತಡೆದೆ. "ನೆಂಟರು ಯಾರೂ ಬರುವುದಿಲ್ಲ ಇವತ್ತು, ಸುಧೀರ ಅಲ್ವಾ? ನಿನ್ನೆಯ ಬಂಗುಡೆ ಮೀನಿನ ಸಾರು ಉಂಟಲ್ಲ, ಸಾಕು" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಅವನು ಬಂದ. ಅಡಿಗೆಮನೆಯ ಬಾಗಿಲಿನಿಂದ ಬಂದ. ನೆಲದ ಮೇಲೆ ನನ್ನ ಬದಿಯಲ್ಲೇ ಮಣೆ ಹಾಕಿ ಕೂತು, ಗಣೇಶ ಯಾಕೆ ಮುಂದೆಯೇ ಇರಬೇಕು ಎಂದು ತಟ್ಟೆಯಲ್ಲಿ ಅನ್ನದ ಉಂಡೆಗಳನ್ನಿಟ್ಟು ತೋರಿಸತೊಡಗಿದ. ನನಗೆ ಒಂದೂ ಒಪ್ಪಿಗೆಯಾಗಲಿಲ್ಲ, ಅವನ ಸ್ವರ ಏರಿತು, ನನ್ನದೂ ಏರಿತು, ಹಟ್ಟಿಯಲ್ಲಿ ಎಮ್ಮೆ ಕೂಗಿತು. ನಡುವೆ ಅವನು ಮಾತು ನಿಲ್ಲಿಸಿ, ತಟ್ಟೆಯನ್ನು ಸುಮತಿಯ ಕಡೆ ಚಾಚಿ, "ಅತ್ತೇ, ಇಷ್ಟು ದಿನ ಈ ಸಾರನ್ನು ಎಲ್ಲಿ ಅಡಗಿಸಿಟ್ಟಿದ್ರಿ?" ಎಂದು ಕೇಳಿ, ಇನ್ನೊಂದು ಸೌಟು ಹಾಕಿಸಿಕೊಂಡ.