ಚೌಳಹಿರಿಯೂರಿನ ಮೂಗು

ಕೇಳಿದ್ದನ್ನೆಲ್ಲ ನಂಬದೆ ಯೋಚಿಸಲು ಕಲಿಸುವ ಪುಸ್ತಕಗಳನ್ನು ಶಾಲಾಮಕ್ಕಳಿಗೆ ಪರಿಚಯಿಸಲು ಕಡೂರು ಬಳಿಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಬಸ್ಸಿಳಿದು, ಹುಡುಗಿಯೊಬ್ಬಳ ಕೈಗೆ ಒಂದು ಪುಸ್ತಕ ಕೊಟ್ಟು ಶಾಲೆಯ ದಾರಿ ಕೇಳಿದೆ. ಮರುಕ್ಷಣವೇ ಜನ ಸುತ್ತುವರಿದರು.

“ಮಕ್ಕಳ ಕಳ್ಳ ಕಣ್ರೋ! ಪುಸ್ತಕ ಕೊಟ್ಟು ಹಿಡ್ಕೊಂಡೋಯ್ತಾರಂತೆ, ವಾಟ್ಸಾಪಲ್ಲೇ ಬಂದೈತೆ!”

“ಪುರಾವೆ ಏನು?” ಎಂದು ಗದರಿದೆ. ಒಬ್ಬ ನನ್ನ ಕೊರಳಪಟ್ಟಿ ಹಿಡಿದ. ಇನ್ನೊಬ್ಬ ದೊಣ್ಣೆ ತಂದ. ನಾನು ಪುಸ್ತಕದ ಚೀಲವನ್ನು ಎದೆಗವಚಿಕೊಂಡೆ.

ಆಗ ಮುದುಕಿಯೊಬ್ಬಳು ಗುಂಪಿನೊಳಗೆ ನುಗ್ಗಿ ನನ್ನ ಮುಖವನ್ನು ದಿಟ್ಟಿಸಿದಳು.

“ಬಿಡ್ರೋ ಲೇ! ಇವ್ರು ಚೌಳಹಿರಿಯೂರಿನ ನಮ್ಮ ಬೀಗ್ರ ಪೈಕಿ. ಅದೇ ಮೂಗು ಕಣ್ರೋ!”

ಕೈಗಳು ಸಡಿಲಿದವು. ದೊಣ್ಣೆ ತಂದವನೇ ಕುರ್ಚಿ ತಂದ.

ಚೌಳಹಿರಿಯೂರಿನಲ್ಲಿ ನನಗೆ ಯಾವ ಬಂಧುವೂ ಇಲ್ಲ. ಮೇಷ್ಟ್ರಾಗಿ ತರಗತಿಯಲ್ಲಿ ಯಾರ ತಪ್ಪನ್ನೂ ತಿದ್ದದೆ ಬಿಡದಿದ್ದ ನಾನು, ಮೂಗನ್ನು ತುಸು ಮೇಲೆತ್ತಿ, “ಮನೆಯಲ್ಲಿ ಎಲ್ಲರೂ ಕ್ಷೇಮವೇನಮ್ಮ?” ಎಂದೆ.