ಮೇಲಿನ ಮೋಡ, ಕೆಳಗಿನ ಮೋಡ

ಬ್ರಹ್ಮಾವರದ ನಿಶ್ಮಿತಾ ಹಾಲಾಡಿಯ ಮಂಜಯ್ಯ ಶೆಟ್ಟರ ಸೊಸೆಯಾಗಿ ಬಂದಾಗ, ಹುಡುಗಿ ಏನು ಕಲಿತದ್ದು ಎಂದು ನೆಂಟರು ವಿಚಾರಿಸಿದರು. ಮೋಡ ಎಂದರು ಮಂಜಯ್ಯ. ಮತ್ತೆ ಯಾರೂ ಕೇಳಲಿಲ್ಲ.

ಅವಳ ಕೆಲಸ ಕಷ್ಟದ್ದಾದರೂ ಹೇಳಲು ಸುಲಭ. ಮೋಡ ಹೊಮ್ಮಿಸುವ ಶಾಖವನ್ನು ಉಪಗ್ರಹ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಲ್ಲಿ ಅಳೆಯುತ್ತದೆ. ಎರಡು ಬೇರೆ ತರಂಗಾಂತರಗಳಲ್ಲಿ ಅಳೆದು ಹೋಲಿಸಿದರೆ ನೀರಹನಿಯ ಗುರುತೇ ಬೇರೆ, ಮಂಜುಗಡ್ಡೆಯ ಹರಳಿನ ಗುರುತೇ ಬೇರೆ. ಅದನ್ನು ನೋಡಿ ಯಾವ ಮೋಡ ಯಾವುದರಿಂದ ಆಗಿದೆ ಎಂದು ನಿಶ್ಮಿತಾ ಚಾವಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ನಿರ್ಧರಿಸುತ್ತಿದ್ದಳು.

ಎದುರಿಗೇ ಮಾವನ ಅಕ್ಕಿ ಮಿಲ್ಲಿನ ಅಂಗಳ. ಕುಚ್ಚಲಕ್ಕಿಗೆ ಬೇಯಿಸಿದ ಭತ್ತ ಅಲ್ಲೇ ಒಣಗಬೇಕು. ಮಳೆ ಬಿದ್ದರೆ ಅಕ್ಕಿಗೆ ಮುಗ್ಗಲು ವಾಸನೆ, ಕೊಳ್ಳುವವರಿಲ್ಲ.

ಕಾರ್ತಿಕದ ಒಂದು ಬೆಳಿಗ್ಗೆ ಆಕಾಶ ಬಿಳಿಚಿಕೊಂಡಿತ್ತು. ಟರ್ಪಾಲು ತರಲೇ ಎಂದು ಮಿಲ್ಲಿನ ಕೆಲಸದ ಚಂದು ಕೇಳಿದ. ಮಂಜಯ್ಯ ಚಾವಡಿಯತ್ತ ತಿರುಗಿದರು.

"ಮಗಾ, ಮಳಿ ಬತ್ತಾ?"

"ಬರೀ ಮಂಜುಗಡ್ಡಿ ಮಾವ, ತೆಳು ಮೋಡ. ಮಳಿ ಬತ್ತಿಲ್ಲೆ."

ಮನೆಯಲ್ಲಿ ಅವಳ ವಿದ್ಯೆಗೆ ಬೆಲೆ ಬಂದದ್ದು ಅದೇ ಮೊದಲು. ಟರ್ಪಾಲು ಗೋದಾಮಿನಲ್ಲೇ ಉಳಿಯಿತು.

ಊಟದ ಹೊತ್ತಿಗೆ ಮಳೆ ಸುರಿಯಿತು. ಅತ್ತೆ ರಾಜೀವಿ ಎಂಜಲು ಕೈಯಲ್ಲೇ ತೆಂಗಿನ ಕಡ್ಡಿಯ ಹಿಡಿಸೂಡಿ ಎತ್ತಿಕೊಂಡು ಓಡಿದರು. ಎಲ್ಲರೂ ಬಳಿದು ರಾಶಿ ಹಾಕುವಷ್ಟರಲ್ಲಿ ಅರ್ಧ ಭತ್ತ ತೊಯ್ದಿತ್ತು.

"ನಿನ್ನ ಮಂಜುಗಡ್ಡಿ ಕರ್ಗಿತಲ್ದಾ ಮಗಾ?" ಎಂದರು ಮಂಜಯ್ಯ, ತಲೆ ಒರೆಸಿಕೊಳ್ಳುತ್ತ.

ಕರಗಿರಲಿಲ್ಲ. ಅದು ಮೇಲೆ ಇದ್ದಲ್ಲೇ ಇತ್ತು. ಅದರಡಿಗೆ ಸಮುದ್ರದ ಕಡೆಯಿಂದ ನೀರಿನ ಮೋಡ ನುಸುಳಿತ್ತು. ಉಪಗ್ರಹ ನೋಡುವುದು ಮೇಲಿನಿಂದ. ಇರುವುದು ಒಂದೇ ಮೋಡ ಎಂದು ಅವಳ ಲೆಕ್ಕ ನಂಬಿತ್ತು, ಅವಳೂ ನಂಬಿದ್ದಳು. ಊಟಕ್ಕೆ ಮೊದಲು ಅಂಗಳಕ್ಕಿಳಿದು ಒಮ್ಮೆ ತಲೆಯೆತ್ತಿದ್ದರೆ ಸಾಕಿತ್ತು.

ಮುಗ್ಗಲು ಅಕ್ಕಿಯನ್ನು ಮನೆಯವರೇ ಉಂಡು ಮುಗಿಸಿದರು. ರಾಜೀವಿ ಗಂಜಿಯನ್ನು ಮೊದಲು ಸೊಸೆಗೇ ಬಡಿಸುತ್ತಿದ್ದರು. ಸೊಸೆ ತಟ್ಟೆ ಬಳಿದು ಉಂಡಳು. ಇನ್ನು ಯಾರೂ ತನ್ನನ್ನು ಕೇಳುವುದಿಲ್ಲ ಎಂದುಕೊಂಡಳು.

ಮುಂದಿನ ಸಲ ಭತ್ತ ಬೇಯಿಸಿದಾಗಲೂ ಮಂಜಯ್ಯ ಚಾವಡಿಯತ್ತ ತಿರುಗಿದರು. ನಿಶ್ಮಿತಾ ಕಂಪ್ಯೂಟರಿನ ಪರದೆ ನೋಡಿದಳು, ಹೊರಗೆ ಬಂದು ಆಕಾಶವನ್ನೂ ನೋಡಿದಳು.

"ಮೇಲೆ ಮಂಜುಗಡ್ಡಿ. ಕೆಳಗ್ ಎಂತ ಬತ್ತೋ ಗೊತ್ತಿಲ್ಲೆ ಮಾವ."

ಮಂಜಯ್ಯ ಗೋದಾಮಿನ ಕಡೆ ಕೂಗಿದರು.

"ಚಂದು, ಇವತ್ ಗೊತ್ತಿಲ್ಲೆ ಅಂಬ್ರ್. ಟರ್ಪಾಲ್ ತಕಂಬಾ."

ಟರ್ಪಾಲಿನ ಒಂದು ತುದಿಯನ್ನು ನಿಶ್ಮಿತಾಳೇ ಹಿಡಿದಳು.